ಪುಟ್ಟ ಮರಿಗೆ ಟ್ರೀಟ್ ಸರಿಹೋಗದಿದ್ದರೆ: ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಪಗ್, ಶಿಹ್ ತ್ಸು, ಸ್ಪಿಟ್ಜ್, ಡ್ಯಾಶ್‌ಹಂಡ್. ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಮನೆಗಳಲ್ಲೂ ಈಗ ಸಣ್ಣ ಜಾತಿಯ ನಾಯಿಮರಿಗಳು ಓಡಾಡುತ್ತಿವೆ. ಕೂತುಕೋ, ಬಾ, ಬಿಡು ಅಂತ ಕಲಿಸಬೇಕಾದರೆ ಕೈಯಲ್ಲಿ ಬಹುಮಾನವಾಗಿ ಏನಾದರೂ ತಿಂಡಿ, ಅಂದರೆ ಟ್ರೀಟ್, ಬೇಕೇ ಬೇಕು. ಕಲಿಕೆ ಶುರುವಾಗಿ ಸ್ವಲ್ಪ ದಿನಕ್ಕೆ ದೂರುಗಳೂ ಶುರುವಾಗುತ್ತವೆ. ಭೇದಿ ನಿಲ್ಲುವುದಿಲ್ಲ, ಊಟ ಮುಟ್ಟುವುದಿಲ್ಲ, ಮೈ ತುರಿಸಿಕೊಳ್ಳುತ್ತದೆ, ಅಂಗಳಕ್ಕೆ ಇಳಿದರೆ ಕರೆದದ್ದು ಕಿವಿಗೇ ಬೀಳುವುದಿಲ್ಲ.

ಇಂಥ ಹೊತ್ತಲ್ಲಿ ಜನ ಮೊದಲು ಮಾಡುವುದು ಟ್ರೀಟ್‌ನ ಕಂಪೆನಿ ಬದಲಾಯಿಸುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಎಷ್ಟು ಹೋಗುತ್ತಿದೆ ನೋಡಿ. ಆಮೇಲೆ ತುಂಡಿನ ಗಾತ್ರ ನೋಡಿ. ಅದರಲ್ಲಿ ಏನಿದೆ ಅನ್ನುವುದು ಮೂರನೆಯದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಮರಿ ಹುಷಾರಾಗಬಹುದು, ಆದರೆ ಯಾವುದರಿಂದ ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಇವು ಕಂಡರೆ ಕಾರಣ ಹುಡುಕುತ್ತ ಕೂರಬೇಡಿ

ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ವಸಡು ಬಿಳಿಚಿಕೊಂಡಿರುವುದು, ನಡುಕ, ತೂರಾಟ, ಫಿಟ್ಸ್, ಕರೆದರೂ ತಲೆ ಎತ್ತದಷ್ಟು ಮಂಕು. ಇದರಲ್ಲಿ ಒಂದು ಕಂಡರೂ ತಕ್ಷಣ ಮೃಗಾಸ್ಪತ್ರೆಗೆ ಹೋಗಿ. ಲಸಿಕೆ ಪೂರ್ತಿ ಆಗದ ಮರಿಗೆ ವಾಂತಿ ಭೇದಿ ಒಟ್ಟಿಗೆ ಬಂದರೆ ಅದು ಪಾರ್ವೋ ಅನ್ನುವ ವೈರಸ್ ರೋಗ ಇರಬಹುದು. "ನಿನ್ನೆ ಕೊಟ್ಟ ಬಿಸ್ಕತ್ತು ಆಗಲಿಲ್ಲವೇನೋ" ಅಂತ ಒಂದು ದಿನ ಕಾದರೆ ಆ ಒಂದು ದಿನವೇ ಮರಿಯ ಜೀವಕ್ಕೆ ಬರಬಹುದು.

ಮೂರ್ನಾಲ್ಕು ತಿಂಗಳ ಒಳಗಿನ ತೀರಾ ಸಣ್ಣ ಮರಿಗಳಿಗೆ ಇನ್ನೊಂದು ಅಪಾಯ ಇದೆ. ಒಂದೆರಡು ಹೊತ್ತು ಊಟ ತಪ್ಪಿದರೂ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಕಾಲು ಸೋಲುತ್ತದೆ, ಮೈ ನಡುಗುತ್ತದೆ, ಕಣ್ಣು ಎಲ್ಲೋ ನೋಡುತ್ತದೆ. ಬೆರಳಿಗೆ ಸ್ವಲ್ಪ ಜೇನು ಅಥವಾ ಸಕ್ಕರೆ ಪಾಕ ತೆಗೆದುಕೊಂಡು ವಸಡಿಗೆ ಸವರಿ, ಮರಿಯನ್ನು ಬೆಚ್ಚಗೆ ಸುತ್ತಿಕೊಂಡು ಹೊರಡಿ. ಪ್ರಜ್ಞೆ ಇಲ್ಲದ ಮರಿಯ ಗಂಟಲಿಗೆ ಏನನ್ನೂ ಹೊಯ್ಯಬೇಡಿ. ಭೇದಿ ಅಂತ ಇಂಥ ಮರಿಯನ್ನು ಉಪವಾಸ ಕೆಡವುವುದೂ ಬೇಡ.

ವಿಷದ್ದು ಏನಾದರೂ ತಿಂದಿದೆ ಅಂತ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎರಡು ಕಿಲೋ ತೂಕದ ಜೀವಕ್ಕೆ ಆ ಉಪ್ಪೇ ಇನ್ನೊಂದು ವಿಷ. ತಿಂದ ವಸ್ತುವಿನ ಪ್ಯಾಕೆಟ್ ಅಥವಾ ಉಳಿದ ತುಂಡು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಡಾಕ್ಟರಿಗೆ ಅದರಿಂದ ಅರ್ಧ ಕೆಲಸ ಉಳಿಯುತ್ತದೆ.

ಮೊದಲ ಪರೀಕ್ಷೆ: ದಿನಕ್ಕೆ ಎಷ್ಟು ಹೋಗುತ್ತಿದೆ?

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್‌ನ ಪಾಲು ನೂರಕ್ಕೆ 10 ದಾಟಬಾರದು. ಉಳಿದ 90 ಮರಿಗಾಗಿಯೇ ತಯಾರಾದ ಸಮತೋಲನದ ಊಟದಿಂದ ಬರಬೇಕು. ಮೂರು ತಿಂಗಳ, 2 ಕಿಲೋ ತೂಕದ ಮರಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಬೇಕು. ಹಾಗಾದರೆ ಟ್ರೀಟ್‌ಗೆ ಸಿಗುವುದು 35 ಮಾತ್ರ.

ಈ 35ರಲ್ಲಿ ಏನು ಬರುತ್ತದೆ? ಒಂದು ಮಾರಿ ಬಿಸ್ಕತ್ತಿನಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಕ್ಯಾಲೊರಿ ಇರುತ್ತದೆ. ಒಂದೂವರೆ ಬಿಸ್ಕತ್ತಿಗೆ ದಿನದ ಪಾಲು ಮುಗಿಯಿತು. ನೇಂದ್ರ ಬಾಳೆಯ ಚಿಪ್ಸ್ ಆದರೆ ಮೂರ್ನಾಲ್ಕಕ್ಕೇ ಮುಗಿಯುತ್ತದೆ, ಮೇಲಿಂದ ಎಣ್ಣೆ ಮತ್ತು ಉಪ್ಪು ಬೇರೆ. ಪನೀರ್ ಹನ್ನೆರಡು ಗ್ರಾಂ. ಬೇಯಿಸಿದ ಮೊಟ್ಟೆ ಅರ್ಧ. ಅದೇ ನೀರಲ್ಲಿ ಬೇಯಿಸಿದ ಕೋಳಿಯ ಎದೆಭಾಗವಾದರೆ 20 ಗ್ರಾಂ ಬರುತ್ತದೆ. ಅದನ್ನು ಬಟಾಣಿ ಗಾತ್ರಕ್ಕೆ ಕತ್ತರಿಸಿದರೆ ಐವತ್ತು ಅರವತ್ತು ತುಂಡು ಆಗುತ್ತದೆ. ಒಂದು ದಿನದ ಕಲಿಕೆಗೆ ಅಷ್ಟು ಧಾರಾಳ ಸಾಕು.

ಹೆಚ್ಚಿನ ಮನೆಗಳಲ್ಲಿ ಈ ಲೆಕ್ಕ ತಪ್ಪುವುದು ಒಬ್ಬರ ಕೈಯಿಂದ ಅಲ್ಲ. ಬದಿಯಡ್ಕ ಹತ್ತಿರದ ಒಂದು ಮನೆಯಲ್ಲಿ ಪಗ್ ಮರಿಗೆ ವಾರದಿಂದ ಮಲ ಗಟ್ಟಿಯಾಗುತ್ತಿರಲಿಲ್ಲ. ಮನೆಯಾಕೆ ಹೇಳಿದರು, "ನಾವು ಜಾಸ್ತಿ ಕೊಡುವುದೇ ಇಲ್ಲ ಅಕ್ಕಾ, ದಿನಕ್ಕೆ ಒಂದು ಬಿಸ್ಕತ್ತು ಅಷ್ಟೆ." ಚಾವಡಿಯಲ್ಲಿ ಕೂತಿದ್ದ ಅಜ್ಜ, "ಬೆಳಿಗ್ಗೆ ಚಾ ಕುಡಿಯುವಾಗ ನಾನೂ ಒಂದು ಹಾಕ್ತೇನೆ ಮಗಾ" ಅಂದರು. ಹುಡುಗ ಬಾಗಿಲ ಹಿಂದಿನಿಂದ ಮೆಲ್ಲಗೆ, "ನಾನು ಶಾಲೆಯಿಂದ ಬಂದ ಮೇಲೆ ಎರಡು" ಅಂದ. ನಾಲ್ಕು ಬಿಸ್ಕತ್ತು ಆಯಿತು ಅಲ್ವಾ? ಆ ಮರಿಯ ದಿನದ ಊಟದಲ್ಲಿ ಕಾಲುಭಾಗ ಮೈದಾ ಮತ್ತು ಸಕ್ಕರೆಯಿಂದಲೇ ಬರುತ್ತಿತ್ತು.

ಇದಕ್ಕೆ ಪರಿಹಾರ ಒಂದು ಸಣ್ಣ ಸ್ಟೀಲಿನ ಬಟ್ಟಲು. ದಿನದ ಟ್ರೀಟ್ ಅಷ್ಟನ್ನೂ ಬೆಳಿಗ್ಗೆಯೇ ಅದಕ್ಕೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿ ಇಡಿ. ಅಜ್ಜ ಕೊಡಲಿ, ಮಗು ಕೊಡಲಿ, ನೆಂಟರು ಕೊಡಲಿ, ಅದರಿಂದಲೇ ತೆಗೆದು ಕೊಡಬೇಕು. ಬಟ್ಟಲು ಖಾಲಿಯಾದರೆ ಆ ದಿನದ್ದು ಮುಗಿಯಿತು. ಯಾರಿಗೂ "ಕೊಡಬೇಡಿ" ಅಂತ ಹೇಳಬೇಕಾಗಿಲ್ಲ, ಅಜ್ಜನ ಮನಸ್ಸಿಗೂ ನೋವಿಲ್ಲ.

ಲಕ್ಷಣ: ಮಲ ಸಡಿಲ, ಆದರೆ ಮರಿ ಆಟವಾಡುತ್ತಿದೆ

ಒಂದು ದಿನ ಎಲ್ಲ ಟ್ರೀಟ್ ನಿಲ್ಲಿಸಿ. ಊಟ ನಿಲ್ಲಿಸಬೇಡಿ. ಕಲಿಸಲೇಬೇಕಾದರೆ ಅದರ ಊಟದ ಡಾಗ್ ಫುಡ್ ಕಾಳನ್ನೇ ಒಂದೊಂದಾಗಿ ಕೈಯಿಂದ ಕೊಡಿ. ಮರುದಿನ ಮಲ ಗಟ್ಟಿಯಾದರೆ ತಪ್ಪು ಟ್ರೀಟ್‌ನದ್ದು. ಆಗಲಿಲ್ಲವಾದರೆ ಜಂತುಹುಳ, ಹೊಟ್ಟೆಯ ಸೋಂಕು ಅಥವಾ ಊಟ ಬದಲಾಯಿಸಿದ್ದು ಕಾರಣ ಇರಬಹುದು. ಸ್ವಲ್ಪ ಮಲವನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿಕೊಂಡು ಮೃಗಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ.

ತಪ್ಪು ಟ್ರೀಟ್‌ನದ್ದೇ ಅಂತ ಗೊತ್ತಾದರೆ ಮುಂದಿನ ಪ್ರಶ್ನೆ, ಯಾವುದರದ್ದು? ನಮ್ಮ ಕಡೆ ಹೆಚ್ಚಾಗಿ ಸಿಕ್ಕಿಬೀಳುವುದು ಇವು.

ಹಾಲು. ತಾಯಿಯ ಹಾಲು ಬಿಟ್ಟ ಮೇಲೆ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಕರಗಿಸುವ ಶಕ್ತಿ ಇಳಿಯುತ್ತ ಹೋಗುತ್ತದೆ. ದನದ ಹಾಲಿನಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟು ಭೇದಿ ತರಿಸುವ ಮನೆ ಎಷ್ಟೋ. ಪನೀರ್‌ನಲ್ಲಿ ಆ ಸಕ್ಕರೆ ಕಡಿಮೆ, ಹಾಗಾಗಿ ಹೆಚ್ಚಿನ ಮರಿಗಳಿಗೆ ಅದು ಆಗುತ್ತದೆ.

ತೆಂಗು. ತೆಂಗಿನಕಾಯಿ ಇಲ್ಲದ ಅಡುಗೆ ನಮ್ಮಲ್ಲಿ ಇಲ್ಲ, ಮರಿಯೂ ಕೊಬ್ಬರಿಯ ವಾಸನೆಗೆ ಬರುತ್ತದೆ. ಹಸಿ ಕಾಯಿಯ ಒಂದು ಚೂರು ವಿಷವಲ್ಲ. ಆದರೆ ಅದರ ಕೊಬ್ಬಿನಿಂದ ಹೊಟ್ಟೆ ಸಡಿಲವಾಗುತ್ತದೆ. ಒಣಕೊಬ್ಬರಿಯಲ್ಲಿ ಕೊಬ್ಬು ಇನ್ನೂ ಜಾಸ್ತಿ, ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಬೇರೆ ಹಿಡಿಯುತ್ತದೆ. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅದು ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿಗೂ ಇದೇ ಮಾತು. ಮೇಲಿನದ್ದನ್ನು ಕೆರೆದು ಕೊಡುವ ಕೆಲಸ ಬೇಡ.

ಕೋಳಿ ಲಿವರ್. ಮರಿಗೆ ಇದರ ಮೇಲೆ ಪ್ರಾಣ, ಕಲಿಕೆಗೂ ಬಹಳ ಒಳ್ಳೆಯದು. ಆದರೆ ಜಾಸ್ತಿಯಾದರೆ ಖಂಡಿತ ಭೇದಿ. ವಿಟಮಿನ್ ಎ ಕೂಡ ಅದರಲ್ಲಿ ತುಂಬಾ ಇರುವುದರಿಂದ ದಿನವೂ ಕೊಡುವ ಪದಾರ್ಥ ಅದಲ್ಲ. ವಾರಕ್ಕೆ ಒಂದೆರಡು ಸಲ, ಕೆಲವೇ ಚೂರು.

ಇನ್ನು ಸಾರಿನ ಕೋಳಿ. "ತೊಳೆದೇ ಕೊಟ್ಟೆ" ಅನ್ನುತ್ತಾರೆ. ತೊಳೆದರೆ ಖಾರ ಹೋಗಬಹುದು. ಈರುಳ್ಳಿ ಬೆಳ್ಳುಳ್ಳಿಯ ರಸ ಆ ಮಾಂಸದ ಒಳಗೇ ಇಳಿದಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾಗಲಿ, ಬೇಯಿಸಿದ್ದಾಗಲಿ, ಪುಡಿಯಾಗಲಿ ವ್ಯತ್ಯಾಸ ಇಲ್ಲ. ನಾಯಿಯ ತೂಕದ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು ಅಂತ ಲೆಕ್ಕ ಇದೆ. ಎರಡು ಕಿಲೋ ಮರಿಗೆ ಒಂದು ಸಣ್ಣ ಈರುಳ್ಳಿಯೇ ಆ ಮಟ್ಟಕ್ಕೆ ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಹಾನಿ ಕೂಡುತ್ತ ಹೋಗುತ್ತದೆ. ಹಾಗಾಗಿ ಮರಿಯ ಪಾಲಿನ ತುಂಡನ್ನು ಮಸಾಲೆ ಬೀಳುವ ಮೊದಲೇ ತೆಗೆದು ಬೇರೆ ಪಾತ್ರೆಯಲ್ಲಿ ಬರೀ ನೀರಲ್ಲಿ ಬೇಯಿಸಿ. ಉಪ್ಪೂ ಬೇಡ, ಎಲುಬೂ ಬೇಡ. ಬೆಂದ ಎಲುಬು ಚೂಪಾಗಿ ಸೀಳುತ್ತದೆ.

ಕಾರಣ ಸಿಕ್ಕಿದ ಮೇಲೆ ಅದನ್ನು ಬಿಟ್ಟು ಉಳಿದದ್ದನ್ನು ಒಂದೊಂದಾಗಿ ವಾಪಸ್ ತನ್ನಿ. ಒಂದಕ್ಕೆ ಎರಡು ಮೂರು ದಿನ ಕೊಡಿ. ಹೊಸ ಪದಾರ್ಥವನ್ನು ಮೊದಲ ದಿನ ಎರಡು ಚೂರು ಮಾತ್ರ ಕೊಟ್ಟು, ಮರುದಿನ ಮಲ ನೋಡಿ ಮುಂದುವರಿಯಿರಿ.

ಲಕ್ಷಣ: ಜೊಲ್ಲು ಸುರಿಯುತ್ತದೆ, ವಾಂತಿ, ನಡುಕ, ಆದರೆ ಟ್ರೀಟ್ ಬದಲಾಗಿಲ್ಲ

ಆಗ ಟ್ರೀಟನ್ನು ಬಿಡಿ, ಅಂಗಳ ನೋಡಿ. ಕಾಸರಗೋಡಿನ ತೋಟದ ಮನೆಗಳಿಗೆ ಇದು ಬೇರೆಲ್ಲಕ್ಕಿಂತ ಮುಖ್ಯ. ಚಾಲಿ ಅಡಿಕೆ ಒಂದೂವರೆ ತಿಂಗಳು ಅಂಗಳದಲ್ಲೇ ಒಣಗುತ್ತಿರುತ್ತದೆ. ಮರಿಗೆ ಅದು ಉರುಳುವ ಆಟದ ಸಾಮಾನು. ಅಡಿಕೆಯಲ್ಲಿ ಅರಿಕೋಲಿನ್ ಅನ್ನುವ ರಾಸಾಯನಿಕ ಇದೆ. ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳ ಹೊರಗೆ ಹಾಕಲು ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಕರುಳನ್ನು ಅಷ್ಟು ಜೋರಾಗಿ ಹಿಂಡುವ ಪದಾರ್ಥ ಅದು. ಜೊಲ್ಲು, ವಾಂತಿ, ಭೇದಿ, ನಡುಕ, ಎದೆಬಡಿತ ನಿಧಾನವಾಗುವುದು ಇದರ ಲಕ್ಷಣ. ಅಡಿಕೆ ಗಟ್ಟಿಯಾಗಿರುವುದರಿಂದ ಸಣ್ಣ ಮರಿಯ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಲೂಬಹುದು.

ಅಡಿಕೆಗೆ ಮದ್ದು ಬಿಟ್ಟ ದಿನ ಮರಿಯನ್ನು ತೋಟಕ್ಕೆ ಬಿಡಬೇಡಿ. ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತು. ಹುಲ್ಲಿನ ಮೇಲೆ ಬಿದ್ದದ್ದು ಕಾಲಿಗೆ ಹತ್ತುತ್ತದೆ, ಮರಿ ಕಾಲು ನೆಕ್ಕುತ್ತದೆ. ಜಾಯಿಕಾಯಿ, ಹಸಿ ಗೇರುಬೀಜ, ಮಾವಿನ ಗೊರಟು, ಹಲಸಿನ ಬೀಜ ಇವೂ ಮರಿಯ ಬಾಯಿಗೆ ಸಿಗದ ಹಾಗೆ ಗುಡಿಸಿ. ಗೊರಟು ಮತ್ತು ಬೀಜ ಕರುಳು ಕಟ್ಟುತ್ತವೆ, ಜಾಯಿಕಾಯಿ ನರಗಳಿಗೆ ವಿಷ, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಾಯಿ ಸುಡುತ್ತದೆ.

ಮನೆಯೊಳಗಿನ ಅಪಾಯಗಳು ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಚಾಪುಡಿ, ಕಾಫಿಪುಡಿ. ಕಪ್ಪು ಚಾಕೊಲೇಟ್ 8 ಗ್ರಾಂ ಆಸುಪಾಸು ಹೋದರೆ 2 ಕಿಲೋ ಮರಿಯಲ್ಲಿ ಲಕ್ಷಣ ಕಾಣಬಹುದು. ದ್ರಾಕ್ಷಿಗೆ ಇಷ್ಟು ಸುರಕ್ಷಿತ ಅಂತ ಲೆಕ್ಕವೇ ಇಲ್ಲ, ಕೆಲವು ನಾಯಿಗಳಿಗೆ ಸ್ವಲ್ಪಕ್ಕೇ ಕಿಡ್ನಿ ನಿಲ್ಲುತ್ತದೆ. ಪಾಯಸದ ಒಣದ್ರಾಕ್ಷಿ ಪ್ರೀತಿಯಿಂದ ಬಾಯಿಗೆ ಹಾಕುವವರಿದ್ದಾರೆ, ದಯಮಾಡಿ ತಡೆಯಿರಿ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಸಕ್ಕರೆಯ ಬದಲು ಹಾಕುವ ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಇರುತ್ತದೆ, ನಾಯಿಗೆ ಅದು ವಿಷ. ಪ್ಯಾಕೆಟ್ ಮೇಲೆ ಇದು 967 ಅನ್ನುವ ಸಂಖ್ಯೆಯಲ್ಲೂ ಇರಬಹುದು. ಅರ್ಧ ಗಂಟೆಯಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ. ಇಂಥ ಸಣ್ಣ ಮರಿಗೆ ಒಂದೇ ಗಮ್ ಸಾಕು.

ಲಕ್ಷಣ: ಕೆಮ್ಮು, ಉಗುಳುವುದು, ಗಂಟಲಿಗೆ ಸಿಕ್ಕಿಕೊಳ್ಳುವುದು

ಇದು ಗಾತ್ರದ ತಪ್ಪು. ಅಂಗಡಿಯ ಟ್ರೀಟ್ ಮೇಲೆ "ಮರಿಗಳಿಗೆ" ಅಂತ ಬರೆದಿದ್ದರೂ ಅದು ಲ್ಯಾಬ್ರಡಾರ್ ಮರಿಯ ಬಾಯಿಗೆ ಸರಿಯಾದ ಗಾತ್ರ ಇರಬಹುದು. ಪಗ್, ಶಿಹ್ ತ್ಸು ಥರ ಮೂತಿ ಚಪ್ಪಟೆ ಇರುವ ಮರಿಗಳಿಗೆ ಉಸಿರಾಟವೇ ಕಷ್ಟ, ಅವು ಆತುರದಲ್ಲಿ ನುಂಗುತ್ತವೆ. ಕಲಿಕೆಯ ತುಂಡು ಬಟಾಣಿಗಿಂತ ದೊಡ್ಡದು ಬೇಡ. ಅಗಿಯದೆ ನುಂಗಿ ಮತ್ತೆ ನಿಮ್ಮ ಮುಖ ನೋಡುವಂತಿರಬೇಕು. ಮರಿ ತುಂಡನ್ನು ನೆಲಕ್ಕೆ ಹಾಕಿ ಕಡಿಯುತ್ತ ಕೂತರೆ ಕಲಿಕೆಯ ಓಟವೂ ನಿಲ್ಲುತ್ತದೆ.

ಗಟ್ಟಿತನಕ್ಕೆ ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರಿನಿಂದ ಒತ್ತಿದಾಗ ಗುರುತು ಬೀಳದಿದ್ದರೆ ಅದು ಹಾಲುಹಲ್ಲಿಗೆ ಜಾಸ್ತಿ ಗಟ್ಟಿ. ಒಣಚರ್ಮದ ಅಗಿಯುವ ಕಡ್ಡಿಗಳನ್ನು ಇಷ್ಟು ಸಣ್ಣ ಮರಿಗೆ ನಾನು ಯಾರಿಗೂ ಹೇಳುವುದಿಲ್ಲ. ನೆನೆದು ಮೆತ್ತಗಾದ ತುಂಡು ಇಡಿಯಾಗಿ ಒಳಗೆ ಹೋಗುತ್ತದೆ.

ಲಕ್ಷಣ: ಊಟ ಬಿಟ್ಟು ಟ್ರೀಟ್‌ಗೆ ಮಾತ್ರ ಕಾಯುತ್ತದೆ

ಪ್ರಮಾಣ ಇಳಿಸಿ, ಊಟದ ತಟ್ಟೆಯನ್ನು ಕಾಲು ಗಂಟೆ ಇಟ್ಟು ತೆಗೆಯಿರಿ. ಊಟಕ್ಕೆ ಮೊದಲು ಕಲಿಸಿ, ಊಟ ಆದ ಕೂಡಲೇ ಬೇಡ. ಎರಡು ಹೊತ್ತು ಏನೂ ಮುಟ್ಟದಿದ್ದರೆ ಹಟ ಅಂತ ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಲಕ್ಷಣ: ಮೈ ತುರಿಕೆ, ಕಿವಿ ಕೆರೆಯುವುದು

ಕೋಳಿ, ಹಾಲು, ಗೋಧಿ, ದನದ ಮಾಂಸ ಕೆಲವು ನಾಯಿಗಳಿಗೆ ಅಲರ್ಜಿ ತರುವುದು ನಿಜ. ಆದರೆ ನಮ್ಮ ಮಳೆಗಾಲದಲ್ಲಿ ತುರಿಕೆಗೆ ಮೊದಲ ಅನುಮಾನ ಚಿಗಟ ಮತ್ತು ಉಣ್ಣಿಯ ಮೇಲೆ ಇರಲಿ. ಕಿವಿಯ ಒಳಮಡಿಕೆ, ಬೆರಳ ಸಂದು, ಬಾಲದ ಬುಡ ಬಿಡಿಸಿ ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಆಹಾರದ ಕಡೆ ಬನ್ನಿ. ಆಹಾರ ಬಿಡಿಸಿ ನೋಡುವ ಪರೀಕ್ಷೆಗೆ ಸುಮಾರು ಎಂಟು ವಾರ ಹಿಡಿಯುತ್ತದೆ, ಅದನ್ನು ಡಾಕ್ಟರ ಸಲಹೆ ಇಲ್ಲದೆ ಬೆಳೆಯುವ ಮರಿಗೆ ಮಾಡಬೇಡಿ. ಆ ಅವಧಿಯಲ್ಲಿ ಒಂದು ಬಿಸ್ಕತ್ತು ಬಾಯಿಗೆ ಬಿದ್ದರೂ ಪರೀಕ್ಷೆ ಕೆಟ್ಟಂತೆ.

ಲಕ್ಷಣ: ಮನೆಯೊಳಗೆ ಕೇಳುತ್ತದೆ, ಅಂಗಳದಲ್ಲಿ ಟ್ರೀಟ್ ಮೂಸುವುದೂ ಇಲ್ಲ

ಮನೆಯೊಳಗೆ ಬೇರೆ ಆಕರ್ಷಣೆ ಇಲ್ಲ, ಡಾಗ್ ಫುಡ್ ಕಾಳೇ ಸಾಕಾಗುತ್ತದೆ. ಅಂಗಳದಲ್ಲಿ ಕೋಳಿ, ಬೆಕ್ಕು, ರಸ್ತೆಯ ಬೈಕು ಎಲ್ಲ ಇವೆ. ಅಲ್ಲಿಗೆ ವಾಸನೆ ಜಾಸ್ತಿ ಇರುವ ತುಂಡು ಬೇಕು. ನಮ್ಮ ಕಡೆ ಇದಕ್ಕೆ ಬೂತಾಯಿ ಮೀನಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಉಪ್ಪು ಹಾಕದೆ ಬೇಯಿಸಿ, ನಡುಮುಳ್ಳು ತೆಗೆದು, ಉಳಿದದ್ದನ್ನು ಬೆರಳಲ್ಲಿ ಹಿಸುಕಿ ಮುಳ್ಳು ತಾಗುತ್ತದಾ ನೋಡಿ, ಆಮೇಲೆ ಚೂರು ಮಾಡಿ. ಒಣಮೀನು ಬೇಡ, ಅದರಲ್ಲಿ ಉಪ್ಪು ವಿಪರೀತ.

ಬೂತಾಯಿಗೂ ಮರಿ ತಿರುಗಿ ನೋಡದಿದ್ದರೆ ಅದಕ್ಕೆ ಹೆದರಿಕೆ ಆಗಿದೆ ಅಂತ ಅರ್ಥ. ಬಾಲ ಒಳಗೆ ಸೇರಿಸಿದೆಯಾ, ಕಿವಿ ಹಿಂದೆ ಹೋಗಿದೆಯಾ ನೋಡಿ. ರಸ್ತೆಯಿಂದ ದೂರ ಬಂದು ಮತ್ತೆ ಶುರುಮಾಡಿ. ಮೂರು ನಾಲ್ಕು ತಿಂಗಳಾದ ಮೇಲೆ ಒಳಗೂ ಹೊರಗೂ ತುಂಡು ಬಾಯಿಂದ ಬೀಳಿಸುತ್ತಿದ್ದರೆ ಹಲ್ಲು ಬದಲಾಗುತ್ತಿರಬಹುದು. ವಸಡು ನೋಯುತ್ತಿರುತ್ತದೆ, ಮೆತ್ತಗಿನದ್ದೇ ಕೊಡಿ. ಕಲಿಕೆ ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ಮರಿ ಹೇಳಿದ್ದು ಮಾಡಿದ ಕೂಡಲೇ, ಒಂದು ಸೆಕೆಂಡಿನ ಒಳಗೆ ತುಂಡು ಬಾಯಿಗೆ ಬರಬೇಕು. ಚೀಲದ ಜಿಪ್ ಎಳೆಯುತ್ತ ತಡಮಾಡಿದರೆ, ಕೂತದ್ದಕ್ಕೆ ಸಿಗಬೇಕಾದದ್ದು ಎದ್ದು ಹಾರಿದ್ದಕ್ಕೆ ಸಿಗುತ್ತದೆ.

ಮಾಂಸ ಬೇಯಿಸದ ಮನೆಗಳಿಗೆ

ಬೇಯಿಸಿದ ಕ್ಯಾರೆಟ್, ಚೀನಿಕಾಯಿ, ಗೆಣಸು, ಅಲಸಂಡೆ, ಹಸಿ ಮುಳ್ಳುಸೌತೆಯ ಚೂರು, ಬೀಜ ತೆಗೆದ ಪಪ್ಪಾಯಿ, ಸ್ವಲ್ಪ ಪನೀರ್. ಒಗ್ಗರಣೆ ಇಲ್ಲದೆ, ಉಪ್ಪು ಇಲ್ಲದೆ. ಕ್ಯಾರೆಟ್‌ನಲ್ಲಿ ಕ್ಯಾಲೊರಿ ಎಷ್ಟು ಕಡಿಮೆ ಅಂದರೆ 35 ಆಗಲು 80 ಗ್ರಾಂಗಿಂತ ಜಾಸ್ತಿ ಬೇಕು. ಹಾಗಂತ ಅಷ್ಟೂ ಕೊಡಬೇಡಿ, ನಾರು ಜಾಸ್ತಿಯಾದರೂ ಹೊಟ್ಟೆ ಕೆಡುತ್ತದೆ. ಇವು ಬಹುಮಾನಕ್ಕೆ ಮಾತ್ರ. ಬೆಳೆಯುವ ಮರಿಯ ಮುಖ್ಯ ಊಟ ತರಕಾರಿ ಅನ್ನದಲ್ಲಿ ಮುಗಿಯುವುದಿಲ್ಲ, ಅದಕ್ಕೆ ಸಮತೋಲನದ ಡಾಗ್ ಫುಡ್ ಬೇಕೇ ಬೇಕು.

ಪ್ಯಾಕೆಟ್ ಕೊಳ್ಳುವುದಾದರೆ, ಮನೆಯದ್ದೇ ಇಡುವುದಾದರೆ

ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಯಾವುದೋ ತೂಕದಲ್ಲಿ ಅದೇ ಜಾಸ್ತಿ. ಅಲ್ಲಿ ಮಾಂಸದ ಹೆಸರು ಸ್ಪಷ್ಟವಾಗಿರಬೇಕು. ಸಕ್ಕರೆ, ಉಪ್ಪು ಮೇಲುಸಾಲಿನಲ್ಲಿದ್ದರೆ, ಈರುಳ್ಳಿ ಪುಡಿ ಬೆಳ್ಳುಳ್ಳಿ ಪುಡಿ ಎಲ್ಲೇ ಇದ್ದರೂ ಬಿಟ್ಟುಬಿಡಿ. ಒಂದು ತುಂಡಿಗೆ ಎಷ್ಟು ಕ್ಯಾಲೊರಿ ಅಂತ ಬರೆದಿದ್ದರೆ ಲೆಕ್ಕ ಸುಲಭ. ಚಿಲ್ಲರೆಯಾಗಿ ತೂಗಿ ಕೊಡುವ, ತಾರೀಕು ಇಲ್ಲದ ಟ್ರೀಟ್ ಬೇಡ.

ಬೇಯಿಸಿದ ಕೋಳಿ, ಮೀನು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಜೇಬಿನಲ್ಲಿ ಇಟ್ಟದ್ದನ್ನು ಒಂದು ಗಂಟೆಯಾದ ಮೇಲೆ ಎಸೆಯಿರಿ. ಒಣ ಟ್ರೀಟ್‌ಗೆ ಜೂನ್ ಬಂದರೆ ಗಾಳಿಯಾಡದ ಡಬ್ಬ ಬೇಕು. ದೊಡ್ಡ ಪ್ಯಾಕೆಟ್ ಅಗ್ಗ ಅಂತ ತರುವುದಕ್ಕಿಂತ ಮಳೆಗಾಲದಲ್ಲಿ ಸಣ್ಣದನ್ನೇ ತನ್ನಿ.

ಲೆಕ್ಕ ಮತ್ತೆ ಮಾಡುವುದು ಯಾವಾಗ?

ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ವಾರಕ್ಕೊಮ್ಮೆ ಸಾಕು. ಪಕ್ಕೆಲುಬಿನ ಮೇಲೆ ಕೈ ಆಡಿಸಿದರೆ ಎಲುಬು ಸುಲಭವಾಗಿ ಬೆರಳಿಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಬಟ್ಟಲು ಸಣ್ಣದಾಗಲಿ.

ನಾಲ್ಕು ತಿಂಗಳು ದಾಟಿದ ಮೇಲೆ ಒಂದು ವಿಷಯ ಗಮನಿಸಿ. ಬೆಳವಣಿಗೆಯ ವೇಗ ಇಳಿಯುವುದರಿಂದ ತೂಕದ ಕಿಲೋಗೆ ಬೇಕಾಗುವ ಕ್ಯಾಲೊರಿಯೂ ಇಳಿಯುತ್ತದೆ. ಮೂರು ತಿಂಗಳಲ್ಲಿ 2 ಕಿಲೋ ಇದ್ದ ಮರಿ ಐದು ತಿಂಗಳಿಗೆ 3 ಕಿಲೋ ಆದರೂ ಅದಕ್ಕೆ ದಿನಕ್ಕೆ ಬೇಕಾಗುವುದು ಸುಮಾರು 320 ಕ್ಯಾಲೊರಿ, ಟ್ರೀಟ್‌ನ ಪಾಲು 32. ಮರಿ ದೊಡ್ಡದಾಯಿತು ಅಂತ ಬಟ್ಟಲಿಗೆ ಎರಡು ತುಂಡು ಜಾಸ್ತಿ ಹಾಕುವ ಹಾಗಿಲ್ಲ.